ಇಗರ್ಜಿಯ ಮಾವಿನ ನೆರಳು

ಅಂಕೋಲೆಯ ಇಗರ್ಜಿಗೆ ಪಾದ್ರಿಯಾಗಿ ಬಂದ ವರ್ಷವೇ ನಾನೊಂದು ಹಟ ಹಿಡಿದೆ. ಕಂಪೌಂಡಿನ ಹೊರಗಿನವರಿಗೂ ನಾವು ಏನಾದರೂ ಮಾಡಬೇಕು. ಸಭೆಯ ಹಿರಿಯ ಅಂತೋನ್ ಮಾಮ ಗೊಣಗಿದರು, "ಪೂಜೆಯನ್ನು ಕೊಂಕಣಿಯಿಂದ ಕನ್ನಡಕ್ಕೆ ತಂದ್ರಿ, ಸಹಿಸ್ಕೊಂಡ್ವಿ. ಈಗ ನಮ್ಮನ್ನ ಬೀದಿಗೂ ಇಳಿಸ್ತೀರಾ ಫಾದರ್?" ಅರ್ಧ ಸಭೆ ಅವರ ಕಡೆಗೇ ಇತ್ತು.

ಆದರೂ ಮಾಮನನ್ನೇ ಕರೆದುಕೊಂಡು, ಗೇಟಿನಾಚೆ ಬಿಸಿಲಲ್ಲಿ ಮೀನು ಮಾರುತ್ತಿದ್ದ ಪಕ್ಕದ ಕೇಣಿ ಊರಿನ ಹೊನ್ನಮ್ಮನ ಬಳಿ ಹೋದೆ. "ನಿಮಗೆ ನಮ್ಮಿಂದ ಏನಾಗಬೇಕು ಹೊನ್ನಮ್ಮಾ?" ಎಂದು ಕೇಳಿದೆ. ಆರೋಗ್ಯ ಶಿಬಿರ, ಹೊಲಿಗೆ ತರಗತಿ ಎಂದು ನನ್ನ ಜೇಬಿನಲ್ಲಿ ಪಟ್ಟಿಯೇ ಇತ್ತು.

ಆಕೆ ನಕ್ಕಳು. "ಎಂತದೂ ಬ್ಯಾಡ ಪಾದ್ರಿಯೋರೆ. ಒಳಗಿನ ಮಾವಿನ ಮರದ ಬುಡಕ್ಕೆ ಕೂರೂಕೆ ಬಿಟ್ರೆ ಸಾಕು. ಈ ಮಾಮ ದಿನಾ ಎಬ್ಬಿಸಿ ಕಳಿಸ್ತಾರೆ."

ನಾನು ಪಟ್ಟಿಯನ್ನು ಜೇಬಿನ ಇನ್ನಷ್ಟು ಆಳಕ್ಕೆ ತಳ್ಳಿದೆ. ಮಾಮ ಗೇಟನ್ನು ಪೂರಾ ತೆರೆದು, ಬುಟ್ಟಿಯ ಒಂದು ಬದಿ ತಾವೇ ಹಿಡಿದು, "ಬಂಗಡೆ ಇವತ್ತಿಂದೇ ಹೌದಲ್ಲ?" ಎನ್ನುತ್ತ ಒಳಗೆ ನಡೆದರು. ಹೊನ್ನಮ್ಮನ ನಗು ಇಗರ್ಜಿಯೊಳಗೂ ಕೇಳಿಸಿರಬೇಕು.

ಈಗ ಆ ನೆರಳಲ್ಲಿ ನಾಲ್ವರು ಹೆಂಗಸರು ಕೂರುತ್ತಾರೆ. ಭಾನುವಾರ ಪೂಜೆಗೆ ಜನ ಅರ್ಧ ಗಂಟೆ ಮೊದಲೇ ಬರುತ್ತಾರೆ. ನನ್ನ ಪ್ರವಚನಕ್ಕೋ ಮೀನಿಗೋ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ.