ಕನ್ನಡಕದ ಡಬ್ಬಿಯಲ್ಲಿದ್ದ ನಾನೂರ ಐವತ್ತು

ಹೈಸ್ಕೂಲು ಮುಗಿಸಿದವನೇ ನಾನು ಮೋಟರ್ ವೈಂಡಿಂಗ್ ಕೆಲಸಕ್ಕೆ ಕೂತೆ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರ್ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು. ಹನೂರಿಂದ, ಲೊಕ್ಕನಹಳ್ಳಿಯಿಂದ ಮೋಟರುಗಳು ಕೊಳ್ಳೇಗಾಲದ ನನ್ನ ಅಂಗಡಿಗೇ ಬರುತ್ತಿದ್ದವು. ಒಂದು ಮೋಟರನ್ನು ಎರಡು ಕೈಯಲ್ಲಿ ಎತ್ತಿ ನೋಡಿದರೆ ಸಾಕು, ಒಳಗೆ ತಾಮ್ರ ಎಷ್ಟಿದೆ, ಮೋಸ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದೆ. ರೇಷ್ಮೆಗೂಡು ಕೊಳ್ಳುವವರು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡುತ್ತಾರಲ್ಲ, ಹಾಗೆ. ಈ ಎತ್ತಿ ನೋಡುವ ಚಟವೇ ಮುಪ್ಪಿನಲ್ಲಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿತು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಳ್ಳುವಾಗ ನಗು ಬಂದರೆ ಓದುವವರು ಕ್ಷಮಿಸಬೇಕು, ನನ್ನಿಂದ ತಡೆಯಲಾಗುತ್ತಿಲ್ಲ.

ನನ್ನ ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಾಳೆ, ಮನೆಯಲ್ಲಿ ಕೋಟೆ ಹಿಡಿಯುತ್ತಾಳೆ. ಕಂಪ್ಯೂಟರಿನ ಆಟ ಅದು. ನಾಲ್ಕು ಹುಡುಗಿಯರ ಒಂದು ತಂಡ: ಇವಳು ಕೊಳ್ಳೇಗಾಲದಲ್ಲಿ, ಒಬ್ಬಳು ಯಳಂದೂರಿನಲ್ಲಿ, ಒಬ್ಬಳು ಮಾಂಬಳ್ಳಿಯಲ್ಲಿ, ಇನ್ನೊಬ್ಬಳು ಹನೂರಿನಲ್ಲಿ. ಅವರವರ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರೆಲ್ಲ ಕೇಳುವಂತೆ ಕಿರುಚುತ್ತಾ ಒಂದೇ ಕೋಟೆಗೆ ನುಗ್ಗುತ್ತಾರೆ. ಇವಳು ಬಿಡಿಭಾಗಗಳನ್ನು ಒಂದೊಂದಾಗಿ ತಂದು ಸ್ವಂತ ಕೈಯಿಂದ ಕಂಪ್ಯೂಟರ್ ಜೋಡಿಸುತ್ತಿದ್ದಳು. ಉಳಿದದ್ದು ಪವರ್ ಸಪ್ಲೈ ಒಂದೇ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಪಳಗಿಸಿ ಕೊಡುವ ತಗಡಿನ ಪೆಟ್ಟಿಗೆ ಅದು.

"ತಾತಾ, ಆರ್ನೂರೈವತ್ತು ವ್ಯಾಟಿಂದು ತಕಂಡು ಬಾ. ಅದ್ಕಿಂತ ಕಮ್ಮಿದು ಬ್ಯಾಡ," ಎಂದು ಚೀಟಿ ಬರೆದುಕೊಟ್ಟಳು.

"ಆರ್ನೂರೈವತ್ತಾ? ಏಳ್ನೂರ ನಲವತ್ತಾರು ವ್ಯಾಟ್ ಅಂದ್ರ ಒಂದು ಎಚ್‌ಪಿ ಕಣವ್ವ! ಒಂದು ಎಚ್‌ಪಿ ಮೋಟ್ರಲ್ಲಿ ಬಾವಿ ನೀರೆತ್ತಿ ತೋಟ ನೆನ್ಸಿವ್ನಿ ನಾನು. ನೀನೇನು ಕಂಪ್ಯೂಟರ್ನಾಗ ಭತ್ತ ನಾಟಿ ಮಾಡೀಯ?"

"ಗ್ರಾಫಿಕ್ಸ್ ಕಾರ್ಡೊಂದೇ ಇನ್ನೂರೈವತ್ತು ಎಳೀತದ ತಾತಾ. ಪ್ರೊಸೆಸರು, ಫ್ಯಾನು ಎಲ್ಲಾ ಸೇರಿ ನಾನೂರೈವತ್ತು ಆಯ್ತದ. ಆಟ ಜೋರಾದಾಗ ಇನ್ನೂ ಏರ್ತದ. ಮ್ಯಾಲ ಒಸಿ ಜಾಗ ಇರ್ಬೇಕು."

ಲೆಕ್ಕ ಸರಿಯಾಗಿಯೇ ಇತ್ತು. ಮೋಟರಿಗೂ ನಾವು ಹಾಗೆಯೇ ಸ್ವಲ್ಪ ಹೆಚ್ಚು ಹಿಡಿಯುತ್ತೇವೆ. ಆದರೆ ಜೀವಮಾನವೆಲ್ಲ ಕರೆಂಟಿನ ಜೊತೆ ಗುದ್ದಾಡಿದ ನನಗೆ ಮೊನ್ನೆ ಹುಟ್ಟಿದ ಕೂಸು ವ್ಯಾಟು ಕಲಿಸುವುದೇ?

ಅಂಗಡಿಯಲ್ಲಿ ಎರಡು ಪೆಟ್ಟಿಗೆ ಮುಂದಿಟ್ಟರು. ಆರುನೂರ ಐವತ್ತರದ್ದನ್ನು ಎತ್ತಿದೆ, ಹಗುರ. ಯಾವುದೋ ಹೆಸರು ಕೇಳದ ನಾನೂರ ಐವತ್ತರದ್ದನ್ನು ಎತ್ತಿದೆ. ಆಹಾ, ಏನು ತೂಕ! ನನ್ನ ಕೈ ತಾಮ್ರ, ತಾಮ್ರ ಎಂದಿತು.

"ತಾತಾ, ಚೀಟಿಲಿ ಬೇರೆ ಬರ್ದದ," ಎಂದ ಅಂಗಡಿಯವನು.

"ಚೀಟಿಗೇನ್ಲಾ ಗೊತ್ತು? ಕೈಗೆ ಗೊತ್ತು," ಎಂದೆ.

ದಾರಿಯಲ್ಲಿ ಬುದ್ಧಿ ಬಂತು: ಅವಳು ಸ್ಟಿಕ್ಕರ್ ಓದುತ್ತಾಳೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದೆ. ಎಸೆಯಲು ಮನಸ್ಸಾಗಲಿಲ್ಲ. ಮೋಟರಿನ ನೇಮ್‌ಪ್ಲೇಟನ್ನು ನಾನು ಎಂದೂ ಎಸೆದವನಲ್ಲ. ಕನ್ನಡಕದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಂಡೆ.

"ಸ್ಟಿಕ್ಕರ್ ಎಲ್ಲಿ ತಾತಾ?"

"ಬಿಸಿಗೆ ಕರಗಿ ವಾಸ್ನೆ ಒಡೀತದ ಅಂತ ಕಿತ್ತಾಕ್ದೆ. ಆರ್ನೂರೈವತ್ತೇ ಕಣ ಕೂಸು."

ನಂಬಿದಳು. ಕರೆಂಟಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿರಲಿಲ್ಲ.

ಪಾಠ ಓದುವಾಗ, ಹಾಡು ಕೇಳುವಾಗ ಕಂಪ್ಯೂಟರ್ ಬಂಗಾರದಂತೆ ನಡೆಯಿತು. ಕೋಟೆಯ ಬಾಗಿಲು ಒಡೆದು ಬೆಂಕಿ ಎದ್ದ ಕ್ಷಣವೇ ಫಟ್ಟನೆ ಆರಿತು. ಮೊದಲ ದಿನವೇ ನನಗೆ ಗೊತ್ತಾಯಿತು, ದೇವರಾಣೆಗೂ ಗೊತ್ತಾಯಿತು. ಖಾಲಿ ತಿರುಗುವಾಗ ಚೆನ್ನಾಗಿದ್ದು ಲೋಡು ಬಿದ್ದೊಡನೆ ಟ್ರಿಪ್ ಆಗುವ ಮೋಟರನ್ನು ಸಾವಿರ ಸಲ ನೋಡಿದ್ದೇನೆ. ಆದರೂ ಬಾಯಿ ಹೇಳಿದ್ದು ಇದು: "ಲೈನಲ್ಲಿ ವೋಲ್ಟೇಜ್ ಇಲ್ಲ ಕಣವ್ವ. ಲೈನ್‌ಮನ್ ಸರಿ ಇಲ್ಲ."

ಪಾಪ, ಲೈನ್‌ಮನ್ ಬಂದ. ಕಂಬ ಹತ್ತಿದ, ಇಳಿದ, ಮೀಟರ್ ಹಿಡಿದು ತೋರಿಸಿದ. "ಅಯ್ಯಾ, ಇನ್ನೂರ ಮೂವತ್ತು ಅದ. ಇದ್ಕಿಂತ ಚೆನ್ನಾಗಿ ಕೊಡಕ್ಕ ನಾನೇನು ಮನೇಲಿ ಕರೆಂಟ್ ಮಾಡ್ಕೊಡ್ಲಾ?" ಮಾರನೆಯ ವಾರ ಮತ್ತೆ ಹತ್ತಿಸಿದೆ. ಅದರ ಮಾರನೆಯ ವಾರವೂ ಹತ್ತಿಸಿದೆ.

ಅಷ್ಟರಲ್ಲಿ ತಂಡ ಮೂರು ಕೋಟೆ ಕಳೆದುಕೊಂಡಿತ್ತು. ಒಂದು ಶನಿವಾರ ಮಧ್ಯಾಹ್ನ ಮೊಮ್ಮಗಳು ಅಳುಮುಖ ಮಾಡಿಕೊಂಡು ಬಂದಳು. ಮರುದಿನ ದೊಡ್ಡ ಪಂದ್ಯ. ಈ ಸಲವೂ ಅವಳು ಮಧ್ಯದಲ್ಲಿ ಮಾಯವಾದರೆ ಬೇರೆ ಹುಡುಗಿಯನ್ನು ಸೇರಿಸಿಕೊಳ್ಳುವುದಾಗಿ ಮೂವರೂ ಹೇಳಿದ್ದರು. ಅವಳ ಕೈಯಲ್ಲೊಂದು ದೂರಿನ ಅರ್ಜಿ ಇತ್ತು, ಲೈನ್‌ಮನ್ ಮೇಲೆ. ಮೀಟರು ನನ್ನ ಹೆಸರಿನಲ್ಲಿರುವುದರಿಂದ ನನ್ನ ಸಹಿಯೇ ಬೇಕು.

"ಮಾಡು ತಾತಾ ಸೈನು. ನೀನೇ ಯೋಳಿದ್ದಲ್ವಾ, ಅವ್ನು ಸರಿ ಇಲ್ಲ ಅಂತ."

ಓದಲು ಕನ್ನಡಕದ ಡಬ್ಬಿ ತೆರೆದೆ. ಮುಚ್ಚಳದಿಂದ ನಾನೂರ ಐವತ್ತು ನನ್ನನ್ನೇ ನೋಡುತ್ತಿತ್ತು. ಪೆನ್ನು ಕೆಳಗಿಟ್ಟು, ಡಬ್ಬಿಯನ್ನು ಹಾಗೆಯೇ ಅವಳ ಕೈಗೆ ಕೊಟ್ಟೆ.

ನೋಡಿದಳು. ಮತ್ತೆ ನೋಡಿದಳು. "ತಾತಾ! ಕಳ್ತಾತಾ!" ಎಂದು ಕೂಗಿದವಳೇ ಸ್ಕ್ರೂಡ್ರೈವರ್ ತಂದಳು. ಎಷ್ಟು ಬೈದಳೋ ಅಷ್ಟು ಬೈಸಿಕೊಂಡೆ. ಪೆಟ್ಟಿಗೆಯನ್ನು ಹೊರತೆಗೆದು ಬಿಚ್ಚಿದವನು ನಾನೇ. ಒಳಗೆ ಬೆರಳಷ್ಟು ತಾಮ್ರ. ತಳದಲ್ಲಿ ತೂಕಕ್ಕೆಂದು ಅಂಟಿಸಿದ ಅಂಗೈಯಗಲದ ಕಬ್ಬಿಣದ ತುಂಡು! ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ನೆಲದ ಮೇಲೆ ಉರುಳಿಕೊಂಡು ನಗತೊಡಗಿದಳು. ನನಗೂ ಎಲ್ಲಿತ್ತೋ ನಗು. ಸೊಸೆ ಅಡಿಗೆಮನೆಯಿಂದ ಓಡಿಬಂದು, ಇಬ್ಬರಿಗೂ ಶಾಕ್ ಹೊಡೆದಿದೆ ಎಂದುಕೊಂಡು ಮೇನ್ ಸ್ವಿಚ್ ಆರಿಸಿದಳು.

ಸಂಜೆಯೊಳಗೆ ಆರುನೂರ ಐವತ್ತು ಮನೆಗೆ ಬಂತು. ಹಳೆಯದನ್ನು ವಾಪಸು ತಗೋ ಎಂದರೆ ಅಂಗಡಿಯವನು, "ಸ್ಟಿಕ್ಕರ್ ಕಿತ್ರೆ ವಾರಂಟಿ ಇಲ್ಲ ತಾತಾ. ಕೈಗೆ ಗೊತ್ತಿರ್ಲಿಲ್ವಾ?" ಎಂದ. ಅಲ್ಲಿಂದ ಲೈನ್‌ಮನ್ ಮನೆಗೆ ಹೋಗಿ ತಪ್ಪಾಯಿತೆಂದೆ. ಅವನು ಕಾಫಿ ಕೊಟ್ಟು, "ಮೂರ್ ಸಲ ಅತ್ಸಿದ್ರಿ. ನಾಕ್ನೇ ಸಲ ನೀವೇ ಅತ್ತಿ, ನಾನು ಕೆಳಗ್ನಿಂತ್ಕಂಡು ಬೈತೀನಿ," ಎಂದ.

ಆದರೆ ದೊಡ್ಡ ಶಿಕ್ಷೆ ಇನ್ನೂ ಬಾಕಿ ಇತ್ತು. ಭಾನುವಾರ ಪಂದ್ಯಕ್ಕೆ ಮೊದಲು ಮೊಮ್ಮಗಳು ತನ್ನ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿ, "ನೀನೇ ಯೋಳು," ಎಂದಳು. ಯಳಂದೂರು, ಮಾಂಬಳ್ಳಿ, ಹನೂರು ಮೂರೂ ಕಿವಿಗೊಟ್ಟು ಕಾಯುತ್ತಿದ್ದವು. ಸ್ಟಿಕ್ಕರ್, ಡಬ್ಬಿ, ಕಬ್ಬಿಣ, ಎಲ್ಲವನ್ನೂ ಹೇಳಿದೆ. "ನನ್ ಕೂಸ್ದು ತಪ್ಪಿಲ್ಲ ಕಣ್ರವ್ವ, ಅವ್ಳ್ನ ಬುಡ್ಬ್ಯಾಡಿ," ಎಂದು ಬೇಡಿಕೊಂಡೆ. ಆಮೇಲೆ ಕಿವಿ ಹರಿಯುವಂಥ ನಗು. ಹನೂರಿನ ಹುಡುಗಿ ಕೇಳಿದಳು: "ತಾತಾ, ಆ ಕಬ್ಬಿಣ ಎಷ್ಟು ಎಚ್‌ಪಿ?"

ಆಟ ಶುರುವಾಯಿತು. ಬಾಗಿಲು ಒಡೆಯಿತು, ಬೆಂಕಿ ಎದ್ದಿತು. ನಾನು ಕುರ್ಚಿಯ ಹಿಡಿ ಬಿಗಿಹಿಡಿದು ಕೂತೆ. ಫ್ಯಾನುಗಳು ಗುಂಯ್ ಎಂದವು, ಪರದೆ ಆರಲಿಲ್ಲ. ಹುಡುಗಿಯರು ಕೋಟೆಯ ಮೇಲೆ ಬಾವುಟ ನೆಟ್ಟರು. ನಾನು ಪಂಚೆ ಎತ್ತಿ ಕಟ್ಟಿ ಕುಣಿದೆ. ಪರದೆಯಲ್ಲಿ ಗೆದ್ದವರ ಹೆಸರು ಬಂದು ಎರಡು ನಿಮಿಷವಾಗಿರಲಿಲ್ಲ, ಫಟ್! ಕಂಪ್ಯೂಟರೂ ಆರಿತು, ತಲೆಯ ಮೇಲಿನ ಫ್ಯಾನೂ ನಿಂತಿತು.

ಮೊಮ್ಮಗಳು ಮೆಲ್ಲಗೆ ನನ್ನ ಕಡೆ ತಿರುಗಿದಳು. ಅವಳ ಫೋನು ಹೊಡೆದುಕೊಂಡಿತು, ಸ್ಪೀಕರಿಗೆ ಹಾಕಿದಳು. ಮೂರೂರಿನಿಂದಲೂ ಒಂದೇ ಕೂಗು: "ತಾತಾ! ಈಗ ಯಾವ ಸ್ಟಿಕ್ಕರ್ ಕಿತ್ರಿ?"

ನಾನು ಎರಡೂ ಕೈ ಮೇಲೆತ್ತಿ ನಿಂತೆ. ಅಷ್ಟರಲ್ಲಿ ಬೀದಿಯ ಕಂಬದ ತುದಿಯಿಂದ ಲೈನ್‌ಮನ್ ಕೂಗಿದ:

"ಅಯ್ಯೋ, ತಾತುನ್ನ ಬೈಬ್ಯಾಡ್ರವ್ವೋ! ಈ ಸಲ ಲೈನ್ ನಾನೇ ತೆಗ್ದಿದ್ದು!"