ಬೇರಿಲ್ಲದ ಜೊಂಡು

ಬಸವನಗುಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಮಹಾನಂದಳಿಗೂ ಅವಳ ಸಹೋದ್ಯೋಗಿ ಶೀನಣ್ಣನಿಗೂ ಎಣ್ಣೆ ಸೀಗೆಕಾಯಿ. ಒಂದೇ ಸ್ಟಾಫ್ ರೂಮಿನಲ್ಲಿ ಕೂತರೂ ಒಬ್ಬರ ಟೀ ಲೋಟ ಕಂಡರೆ ಇನ್ನೊಬ್ಬರಿಗಾಗದು. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಹರ್ಬೇರಿಯಂ ಬೀರುವಿನ ಬೀಗದಕೈ ಇದ್ದದ್ದು ಮಹಾನಂದಳ ಬ್ಯಾಗಿನಲ್ಲಿ. ಶೀನಣ್ಣನ ಹೊಟ್ಟೆಯುರಿಗೆ ಅಷ್ಟು ಸಾಕಿತ್ತು.

ಆಯುಧಪೂಜೆಗೆ ಮುನ್ನ ಬೀರು ಕ್ಲೀನ್ ಮಾಡುವುದು ವಾಡಿಕೆ. ಹೋದ ವರ್ಷ, ಶೀನಣ್ಣ ಊರಾಚೆಯ ಕೆರೆಯ ಕೆಸರಿಗಿಳಿದು ಬೇರುಸಮೇತ ಕಿತ್ತು ತಂದಿದ್ದ ಜೊಂಡಿನ ಶೀಟನ್ನು ಅವಳು ರದ್ದಿಗೆ ಹಾಕಿದಳು. ಹೂವಿಲ್ಲದೆ ಜಾತಿ ಗುರುತಿಸುವುದು ಹೇಗೆ? ಹೂವೋ ಬೇರೋ ಇಲ್ಲದ ಅರ್ಧಂಬರ್ಧ ಶೀಟಿಗೆ ಬೀರುವಿನಲ್ಲಿ ಜಾಗವಿಲ್ಲ ಎಂದು ನಿಯಮವನ್ನೂ ಮಾಡಿದಳು. ನಿಯಮವೇನೋ ಸರಿಯೇ, ಅದರ ಹಿಂದೆ ಇದ್ದದ್ದು ಮಾತ್ರ ಹಗೆ.

ಈ ವರ್ಷ ಅದೇ ಕೆರೆಯಲ್ಲಿ ಅದೇ ಜೊಂಡು ಹೂ ಬಿಟ್ಟಿತು. ಚರಂಡಿ ನೀರು ಸೇರುವ ಆ ಕೆರೆಗೆ ಕಾಲಿಡಲು ಹೇಸಿದ ಮಹಾನಂದ ದಡದಿಂದಲೇ ಕುಡುಗೋಲಿನಲ್ಲಿ ಕೊಯ್ದು ತಂದಳು. ಅದು ಯಾವ ಪುಸ್ತಕಕ್ಕೂ ಹೊಂದಲಿಲ್ಲ. ಹೊಸ ಜಾತಿಯೇ ಇರಬಹುದು! ಸರ್ವಿಸ್ ಪೂರ್ತಿ ಕೆರೆ ಸುತ್ತಿದ್ದಕ್ಕೆ ಒಂದು ಹುಲ್ಲಿನ ಜೊತೆಗಾದರೂ ತನ್ನ ಹೆಸರು ಉಳಿಯಲಿ ಎಂದು ಆಸೆಪಟ್ಟು ಪರಿಣತರಿಗೆ ಫೋಟೋ ಕಳಿಸಿದಳು. ಬೇರು ನೋಡದೆ ಏನೂ ಹೇಳಲಾಗದು ಅಂದರು. ಆಟೊ ಹಿಡಿದು ಕೆರೆಗೆ ಓಡಿದರೆ, ಜೆಸಿಬಿ ಜೊಂಡನ್ನೆಲ್ಲ ಬಾಚಿ ಹಾಕಿ ವಾಕಿಂಗ್ ಪಾತ್‌ಗೆ ಮಣ್ಣು ತುಂಬುತ್ತಿತ್ತು.

ಶೀನಣ್ಣ ಹೋದ ವರ್ಷ ತಂದ ಜೊಂಡಿನ ಒಂದು ಬೇರಿನ ತುಂಡನ್ನು ಟೆರೇಸಿನ ಬಕೆಟ್ಟಿನಲ್ಲಿ ನೆಟ್ಟು ಬೆಳೆಸಿದ್ದು ಅವಳ ಕಿವಿಗೆ ಬಿದ್ದಿತ್ತು. ಚಾಮರಾಜಪೇಟೆಯ ಅವನ ಮನೆ ಮೆಟ್ಟಿಲು ಹತ್ತುವುದು ಕೆಸರಿಗಿಳಿಯುವುದಕ್ಕಿಂತ ಅಸಹ್ಯವಾಗಿತ್ತು. ಆದರೂ ಹತ್ತಿದಳು, ಬಾಯಿಬಿಟ್ಟು ಕೇಳಿದಳು. ಬಕೆಟ್ಟಿನಲ್ಲಿ ದೊಡ್ಡಪತ್ರೆ ಹಬ್ಬಿತ್ತು.

“ಕಿತ್ತು ಬಿಸಾಕ್ದೆ ಮೇಡಂ. ನೀವೇ ರದ್ದಿ ಅಂದ್ಮೇಲೆ ನಾನ್ಯಾಕೆ ಇಟ್ಕೊಳ್ಲಿ?” ಅಂದ ಶೀನಣ್ಣ. ಕಾಫಿ ಬೇಕಾ ಅಂತಲೂ ಕೇಳಲಿಲ್ಲ. ತಮ್ಮ ಮೂಗು ಕೊಯ್ದುಕೊಂಡಾದರೂ ಎದುರಿನವರಿಗೆ ಅಪಶಕುನ ಮಾಡುವ ಜನ, ಇಬ್ಬರೂ.

ಮತ್ತೆ ಆಯುಧಪೂಜೆ ಬಂತು. ಅವಳು ಬೀರು ತೆಗೆದಾಗ ಶೀನಣ್ಣ ಎದುರಿಗೇ ಕುರ್ಚಿ ಹಾಕಿಕೊಂಡು ಕೂತ. ಅವಳ ಜೊಂಡಿನ ಶೀಟು ಕೈಗೆ ಬಂತು. ಹೂವಿದೆ, ಬೇರಿಲ್ಲ. ನಿಯಮ ಅವಳದೇ. ಇರಲಿ ಬಿಡಿ ಮೇಡಂ ಅಂತ ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ಅದಕ್ಕಾಗಿಯೇ ಇಲ್ಲದ ಧೂಳನ್ನು ಒರೆಸುತ್ತ ನಿಂತಳು. ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ಶೀಟನ್ನು ರದ್ದಿಯ ಮೇಲೆ ಹಾಕಿ, ಬೀರುವಿಗೆ ಕುಂಕುಮ ಇಟ್ಟು, ಮಹಾನಂದ ಬೀಗ ಹಾಕಿದಳು.