ಆಮೆ ಕಾಯಲು ಹೋದ ನರ್ಸಬಾಯಿ

ಕಳೆದ ತಿಂಗಳು ಅಳ್ನಾವರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತಿದ್ದೆ. ಗೋವಾ ಕಡೆಯಿಂದ ಬಂದ ಗಾಡಿಯಿಂದ ಇಬ್ಬರು ಹೆಣ್ಣುಮಕ್ಕಳು ಒಣಮೀನಿನ ಬುಟ್ಟಿ ಇಳಿಸಿ ನನ್ನ ಬೆಂಚಿನ ಪಕ್ಕದಲ್ಲೇ ಇಟ್ಟರು. ಕುಳಿತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಎದ್ದು ಹೋದರು. ನಾನು ಮೀನು ಮುಟ್ಟದ ಮನೆಯವನು, ನಾನೂ ಏಳಬೇಕಿತ್ತು. ಏಳಲಿಲ್ಲ. ಉಪ್ಪು, ಬಿಸಿಲು, ಕೊಳೆತ ಪಾಚಿ ಎಲ್ಲ ಕಲೆತ ಆ ವಾಸನೆಯನ್ನು ಹಿಂದೆ ಒಂದೇ ಒಂದು ಸಲ ಅಷ್ಟು ಹತ್ತಿರದಿಂದ ಕಂಡಿದ್ದೆ. ನಮ್ಮೂರಿನ ನರ್ಸಬಾಯಿ ಒಮಾನ್ ದೇಶದಿಂದ ಮರಳಿ ಬಂದ ದಿನ, ಬಸ್ಸಿನ ಬಾಗಿಲಲ್ಲಿ ಅವರ ಚೀಲ ಇಸಿದುಕೊಂಡಾಗ...

ಎಂಬತ್ತರ ದಶಕದ ನಡುವಿನ ಮಾತು. ನಾನು ಅಣ್ಣಿಗೇರಿಯಿಂದ ಎರಡು ಹರದಾರಿ ದೂರದ ಒಂದು ಊರಿನಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ನಮ್ಮ ಬಾಡಿಗೆ ಮನೆಯ ಗೋಡೆಗೆ ಗೋಡೆ ಹಚ್ಚಿ ನರ್ಸಬಾಯಿಯ ಕ್ವಾರ್ಟರ್ಸು. ಮುಂದಿನ ಕೋಣೆ ದವಾಖಾನೆ, ಹಿಂದಿನದು ಅವರ ಸಂಸಾರ. ಸಂಸಾರವೆಂದರೆ ಅವರೊಬ್ಬರೇ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ತಂಗಿಯನ್ನು ಸಾಕಿ, ಓದಿಸಿ, ಒಬ್ಬ ಡ್ರೈವರನಿಗೆ ಕೊಟ್ಟು ಮದುವೆ ಮಾಡಿದ್ದರು. ಅವನು ಕೆಲಸ ಹುಡುಕಿಕೊಂಡು ಒಮಾನಿಗೆ ಹೋಗಿ, ಆಮೇಲೆ ಹೆಂಡತಿಯನ್ನೂ ಕರೆಸಿಕೊಂಡಿದ್ದ.

ಸುತ್ತಲ ನಾಲ್ಕು ಊರುಗಳ ಹೆರಿಗೆಯೆಲ್ಲ ನರ್ಸಬಾಯಿಯ ಕೈಯಲ್ಲೇ ಆಗಬೇಕು. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಮೊದಲು ಎತ್ತಿಕೊಂಡವರೂ ಅವರೇ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರು ಭಾರವಾಗುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಸಂಜೆ ಮರಳಿ ಬಂದು ಕಟ್ಟೆಯ ಮೇಲೆ ಕುಳಿತು, ಬಕೀಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದರು. ಮಾತಾಡಿಸಿದರೆ ಕಣ್ಣು ತೆರೆಯದೆಯೇ "ಹ್ಞೂಂನ್ರಿ" ಎನ್ನುತ್ತಿದ್ದರು. ನಿದ್ದೆ ಬರುವುದಿಲ್ಲ ಎಂದು ನನ್ನ ಹೆಂಡತಿಯ ಮುಂದೆ ಹಲವು ಸಲ ಹೇಳಿದ್ದರಂತೆ. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ನಿತ್ಯ ಕಾಣುವವರ ದಣಿವು ನಮಗೆ ಕಾಣುವುದಿಲ್ಲ.

ಒಂದು ಬೇಸಿಗೆ ತಂಗಿಯ ಬಾಣಂತನಕ್ಕೆಂದು ಎರಡು ತಿಂಗಳ ರಜೆ ತೆಗೆದುಕೊಂಡು ಒಮಾನಿಗೆ ಹೊರಟರು. ನಮ್ಮ ಓಣಿಯ ಹೆಣ್ಣುಮಕ್ಕಳು ಅಂಟಿನ ಉಂಡಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ನಾನು ಅಣ್ಣಿಗೇರಿಯ ತನಕ ಹೋಗಿ ರೈಲು ಹತ್ತಿಸಿದೆ. ಕಿಟಕಿಯಿಂದ ಹೊರಗೆ ಬಾಗಿ, "ಮಾಸ್ತರ್ರ, ಯಾರಿಗರ ದಿನಾ ತುಂಬಿದ್ರ ಮೊದಲ ಅಣ್ಣಿಗೇರಿಗೆ ಕರಕೊಂಡು ಬರಾಕ ಹೇಳ್ರಿ. ಮನ್ಯಾಗ ಇಟ್ಟುಕೊಂಡು ಕುಂದ್ರಬ್ಯಾಡ್ರಿ" ಎಂದು ಎರಡು ಸಲ ಹೇಳಿದರು.

ಮೊದಲ ಪತ್ರದಲ್ಲಿ ತಂಗಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಇತ್ತು. ಎರಡನೆಯದರಲ್ಲಿ ಆಮೆ ಬಂತು.

ತಂಗಿಯ ಗಂಡ ಗಾಡಿ ಓಡಿಸುತ್ತಿದ್ದುದು ಸಮುದ್ರದ ದಂಡೆಯಲ್ಲಿ ಆಮೆ ಕಾಯುವ ಒಂದು ತಂಡಕ್ಕೆ. ಬೇರೆ ಬೇರೆ ದೇಶದ ಐದಾರು ಜನ. ಪಗಾರವಿಲ್ಲದೆ ತಾವಾಗಿ ಬಂದವರು. ಅವರಲ್ಲೊಬ್ಬ ಹೆಣ್ಣುಮಗಳು ಕಲ್ಲಿಗಂಟಿದ ಚೂಪು ಚಿಪ್ಪಿನ ಮೇಲೆ ಕಾಲಿಟ್ಟು ಅಂಗಾಲು ಸೀಳಿಕೊಂಡಿದ್ದಳು. ನಮ್ಮ ನರ್ಸಬಾಯಿ ಹೋಗಿ ತೊಳೆದು ಪಟ್ಟಿ ಕಟ್ಟಿದರು. ಮರುದಿನ ಪಟ್ಟಿ ಬದಲಿಸಲು ಹೋದರು. ಮೂರನೆಯ ದಿನ ಆಕೆಯ ಬದಲಿಗೆ ತಾವೇ ಬುಟ್ಟಿ ಹಿಡಿದು ದಂಡೆಗೆ ಇಳಿದರು.

ಆ ಕೆಲಸವೇನೆಂದು ಪತ್ರದಲ್ಲಿ ವಿವರವಾಗಿ ಬರೆದಿದ್ದರು. ಬೀಸುವ ಕಲ್ಲಿನಷ್ಟು ದೊಡ್ಡ ಆಮೆಗಳು ದಂಡೆಗೆ ಬಂದು, ಮರಳು ತೋಡಿ, ಮೊಟ್ಟೆ ಇಟ್ಟು, ಮುಚ್ಚಿ ಮತ್ತೆ ನೀರಿಗೆ ಹೋಗುತ್ತವೆ. ಎರಡು ತಿಂಗಳಿಗೆ ಅಂಗೈಯಷ್ಟೂ ಇಲ್ಲದ ಮರಿಗಳು ಮರಳು ಸೀಳಿಕೊಂಡು ಹೊರಬೀಳುತ್ತವೆ. ಬೆಳಕು ಎಲ್ಲಿ ಹೊಳೆಯುತ್ತದೋ ಅಲ್ಲಿಯೇ ನೀರು ಎಂದು ಅವು ತಿಳಿಯುತ್ತವೆ. ಅಲ್ಲೊಂದು ಹೊಸ ರಸ್ತೆಯಾಗಿ ಸಾಲು ದೀಪ ಬಂದಿದ್ದರಿಂದ ಸಮುದ್ರಕ್ಕೆ ಬೆನ್ನು ಮಾಡಿ ರಸ್ತೆಯ ಕಡೆ ಹೋಗಿಬಿಡುತ್ತಿದ್ದವು. ಬಿಸಿಲೇರಿದರೆ ಅಲ್ಲೇ ಒಣಗಿ ಸಾಯುತ್ತಿದ್ದವು. ಮುಂಜಾನೆ ಸೂರ್ಯ ಮೇಲೆ ಬರುವುದರೊಳಗೆ ಅವನ್ನು ಆರಿಸಿ, ಹಸಿ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ತಂದು, ನೀರಿನ ಅಂಚಿಗೆ ಬಿಡಬೇಕು.

ಈ ಪತ್ರವನ್ನು ನಾನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದೆ. ಎದುರುಮನೆಯ ಅಜ್ಜಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. "ಅಯ್ಯ ಇಕಿನ! ನಮ್ಮ ಬಾಣಂತನಾ ಸಾಲಲಿಲ್ಲಂತ ಆಮಿ ಬಾಣಂತನಾ ಮಾಡಾಕ ಹೋಗ್ಯಾಳ ನೋಡು!" ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ಅಜ್ಜಿಯ ಸೊಸೆಗೆ ಆಗ ದಿನ ತುಂಬುತ್ತಿತ್ತು.

ಬದಲಿ ನರ್ಸು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅಣ್ಣಿಗೇರಿಗೆ ಕರೆದೊಯ್ಯಿರಿ ಎಂಬ ಮಾತನ್ನು ನಾನು ಆ ಮನೆಯವರಿಗೆ ಹೇಳಿದ್ದೆ, ಆದರೆ ಒಂದೇ ಸಲ, ಹಾದಿಯಲ್ಲಿ ಹೋಗುತ್ತ ಹೇಳಿದ ಹಾಗೆ. ಒಂದು ಮಧ್ಯಾಹ್ನ ಬೇನೆ ಸುರುವಾಯಿತು. ಮುಂಚಿನ ದಿನ ದೊಡ್ಡ ಮಳೆಯಾಗಿ ಬೆಣ್ಣಿಹಳ್ಳ ತುಂಬಿತ್ತು. ಚಕ್ಕಡಿ ಹಳ್ಳದ ಈಚೆಗೇ ನಿಂತಿತು. ಹೊತ್ತು ಮುಳುಗುವ ಮೊದಲೇ ಮುಗಿಯಿತು. ಗಂಡು ಕೂಸು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತಂತೆ. ತಾಯಿ ಬದುಕಿದಳು.

ಅದಾದ ನಾಲ್ಕನೆಯ ದಿನಕ್ಕೆ ನರ್ಸಬಾಯಿಯ ಮೂರನೆಯ ಪತ್ರ ಬಂತು. ಒಳಗೆ ಒಂದು ಅರ್ಜಿ ಇತ್ತು. ಇನ್ನೂ ಮೂರು ತಿಂಗಳು, ಪಗಾರವಿಲ್ಲದ ರಜೆ ಬೇಕು ಎಂದು. ಮರಿ ಹೊರಬೀಳುವ ಕಾಲ ಮುಗಿದಿಲ್ಲ, ತಂಡದಲ್ಲಿ ಇಬ್ಬರು ತಮ್ಮ ದೇಶಕ್ಕೆ ಹೋಗಿದ್ದಾರೆ, ಕೈ ಸಾಲುತ್ತಿಲ್ಲ. "ಮಾಸ್ತರ್ರ, ರಜಾ ಮುಗಿಯೂದರೊಳಗ ಇದನ್ನ ನೀವ ಖುದ್ದ ತಾಲೂಕಿನ ಆಫೀಸಿಗೆ ಮುಟ್ಟಸ್ರಿ. ನಿಮ್ಮ ಹೊರತು ನನಗ ಯಾರದಾರ?" ಎಂದು ಕೆಳಗೆ ಬರೆದಿದ್ದರು.

ಹೊರಗೆ ಆ ಸೊಸೆ ಬರಿಗೈಯಲ್ಲಿ ಬಾಗಿಲಲ್ಲಿ ಕುಳಿತಿದ್ದಳು. ನಾನು ಪತ್ರವನ್ನು ಮಡಚಿ ಶಾಲೆಯ ಚೀಲಕ್ಕೆ ಹಾಕಿದೆ. ಇಲ್ಲಿ ಮನುಷ್ಯರ ಕೂಸುಗಳು ಸಾಯುತ್ತಿವೆ, ಈಕೆಗೆ ಅಲ್ಲಿ ಆಮೆಯ ಮರಿ ಹೆಚ್ಚಾದವೇ ಎಂಬ ಸಿಟ್ಟು. ಅದು ಅನ್ಯಾಯದ ಸಿಟ್ಟು. ಕೂಸು ಹೋದ ದಿನ ಅವರು ಸರಕಾರ ಕೊಟ್ಟ ರಜೆಯಲ್ಲೇ ಇದ್ದರು. ಇನ್ನೂ ಮೂರು ವಾರ ಉಳಿದಿತ್ತು. ಇದೆಲ್ಲ ನನಗೆ ಅಂದೇ ಗೊತ್ತಿತ್ತು. ಆದರೂ ಅರ್ಜಿ ಚೀಲದಲ್ಲೇ ಉಳಿಯಿತು. ನಾಳೆ ಕೊಡೋಣ, ನಾಡಿದ್ದು ಕೊಡೋಣ... ಹೀಗೆ ಇಪ್ಪತ್ತೆರಡು ದಿನ.

ನನ್ನ ಹೆಂಡತಿ ಚೀಲ ಝಾಡಿಸುವಾಗ ಲಕೋಟೆ ಕಂಡು, "ಇದನ್ನ ಇನ್ನೂ ಕೊಟ್ಟಿಲ್ಲೇನ್ರಿ?" ಎಂದು ನನ್ನ ಮುಖ ನೋಡಿದಳು. ಮರುದಿನ ಬಸ್ಸು ಹತ್ತಿದೆ. ಪರದೇಶದಿಂದ ಬಂದದ್ದು ಎಂದು ಗುಮಾಸ್ತ ಲಕೋಟೆಯನ್ನೂ ಇಸಿದುಕೊಂಡು ಅರ್ಜಿಗೆ ಚುಚ್ಚಿದ. ಕೊಟ್ಟವರ ಸಹಿ ಬೇಕೆಂದ. ಸಹಿ ಮಾಡಿ, ರೂಢಿಯಂತೆ ಕೆಳಗೆ ತಾರೀಖು ಹಾಕಿದೆ. ಅಷ್ಟರಲ್ಲಿ ರಜೆ ಮುಗಿದು ನಾಲ್ಕು ದಿನವಾಗಿತ್ತು.

ಮುಂದಿನದು ಆಫೀಸಿನ ರೀತಿಯಲ್ಲೇ ನಡೆಯಿತು. ಅರ್ಜಿ ತಿರಸ್ಕಾರವಾಯಿತು. ಹೇಳದೆ ಕೇಳದೆ ಕೆಲಸ ಬಿಟ್ಟಿದ್ದಾರೆಂದು ಕ್ವಾರ್ಟರ್ಸಿನ ಬಾಗಿಲಿಗೆ ನೋಟೀಸು ಅಂಟಿಸಿದರು. ನಾನೇ ಅದನ್ನು ನಕಲು ಮಾಡಿ ಒಮಾನಿಗೆ ಬರೆದೆ. ತಿಂಗಳೊಳಗೆ ನರ್ಸಬಾಯಿ ಬಂದಿಳಿದರು.

ಚರ್ಮ ಸುಟ್ಟು ಕಪ್ಪಾಗಿತ್ತು. ಆದರೆ ಮುಖದ ಮೇಲೆ ಏನೋ ಒಂದು ನಿರಾಳ. ಅಂಥದ್ದನ್ನು ಅವರಲ್ಲಿ ಹಿಂದೆ ನೋಡಿರಲಿಲ್ಲ. ನಡೆಯುತ್ತ ಕೇಳಿದರು, "ಮಾಸ್ತರ್ರ, ನನ್ನ ಅರ್ಜಿ ನಿಮಗ ಯಾವಾಗ ಮುಟ್ಟಿತ್ರಿ?"

"ಟಪಾಲು ತಡಾ ಆತ್ರಿ ಬಾಯಾರ," ಎಂದೆ.

"ಹೌದ್ರಿ. ಭಾಳ ದೂರದಿಂದ ಬರಬೇಕಲ್ರಿ ಅದು," ಎಂದರು.

ಕೂಸಿನ ಸುದ್ದಿಯನ್ನು ನಾನು ಪತ್ರದಲ್ಲಿ ಬರೆದಿರಲಿಲ್ಲ. ಮನೆ ಮುಟ್ಟುವ ಮೊದಲು ಹೇಳಿದೆ. ಅವರು ಚೀಲವನ್ನು ನನ್ನ ಕೈಯಲ್ಲೇ ಬಿಟ್ಟು ನೇರ ಎದುರುಮನೆಗೆ ಹೋದರು. ಅಜ್ಜಿ ಹೊಸ್ತಿಲ ಮೇಲೆಯೇ ಸುರು ಮಾಡಿದಳು. "ಬಂದೇನಬೇ? ಆಮಿ ಮರಿ ಎಲ್ಲಾ ಉಳದಾವೇನು? ನನ್ನ ಮೊಮ್ಮಗಾ ಉಳೀಲಿಲ್ಲ ನೋಡು!" ಓಣಿಯ ಜನ ಹೊರಗೆ ಬಂದು ನಿಂತರು. ನರ್ಸಬಾಯಿ ಚಪ್ಪಲಿ ಕಳಚಿ ಹೊಸ್ತಿಲು ದಾಟಿದರು. ಒಳಗೆ ಹೋಗಿ ಸೊಸೆಯ ಮಗ್ಗುಲಲ್ಲಿ ಕುಳಿತರು. ಎಷ್ಟೋ ಹೊತ್ತಿನ ಮೇಲೆ ಹೊರಬಂದಾಗ ಆ ನಿರಾಳವೆಲ್ಲ ಮುಖದಿಂದ ಅಳಿಸಿಹೋಗಿತ್ತು.

ಅವತ್ತು ಓಣಿಯ ನಡುವೆ ನಿಂತು ನಾನೊಂದು ಮಾತು ಹೇಳಬಹುದಿತ್ತು. ಅಣ್ಣಿಗೇರಿಗೆ ಕರೆದೊಯ್ಯಲು ಅವರು ಎರಡು ಸಲ ಹೇಳಿ ಹೋಗಿದ್ದರು ಎಂದಾದರೂ ಹೇಳಬಹುದಿತ್ತು. ಹೇಳಲಿಲ್ಲ.

ವಿಚಾರಣೆ ಆಯಿತು. ಆರು ತಿಂಗಳು ಕೆಲಸದಿಂದ ಹೊರಗಿಟ್ಟರು, ಬಡ್ತಿ ತಡೆದರು, ಕಲಘಟಗಿ ಕಡೆಯ ಒಂದು ಅಡವಿಯಂಚಿನ ಹಳ್ಳಿಗೆ ಹಾಕಿದರು. ಸಾಮಾನು ಒಂದು ಟೆಂಪೋದ ಮೂಲೆಗೂ ಸಾಲಲಿಲ್ಲ. ಹೊರಡುವಾಗ ನನ್ನ ಮಕ್ಕಳ ತಲೆ ಸವರಿ, ಹೆಂಡತಿಗೆ "ಬರತೇನಿ ತಂಗಿ" ಎಂದು ಹತ್ತಿ ಕುಳಿತರು.

ನಾನು ಅಲ್ಲಿಗೆ ಹೋದದ್ದು ನಾಲ್ಕು ವರ್ಷದ ಮೇಲೆ. ಕಲಘಟಗಿಗೆ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದವನು ಬಸ್ಸು ಬದಲಿಸಿ ಆ ಹಳ್ಳಿಗೆ ಇಳಿದೆ. ಸಾಗವಾನಿ ಗಿಡಗಳ ನಡುವೆ ಎರಡು ಕೋಣೆಯ ಹಂಚಿನ ಮನೆ. ಕೂದಲು ಪೂರಾ ಬೆಳ್ಳಗಾಗಿತ್ತು. "ಬರ್ರಿ ಬರ್ರಿ ಮಾಸ್ತರ್ರ" ಎಂದು ಚಹಾಕ್ಕಿಟ್ಟರು. ಮಕ್ಕಳು ಯಾವ ಇಯತ್ತೆ ಎಂದು ಕೇಳಿದರು. ಉತ್ತರ ಹೇಳುತ್ತ ಹೇಳುತ್ತ ನನ್ನ ಬಾಯಿಂದ ಬಂದುಬಿಟ್ಟಿತು.

"ಬಾಯಾರ, ಆ ಅರ್ಜಿ ಟಪಾಲಿನಾಗ ತಡಾ ಆಗಿರಲಿಲ್ರಿ. ನಾನ ಇಟಗೊಂಡು ಕುಂತಿದ್ದೆ."

ಅವರು ಚಹಾ ಸೋಸುತ್ತಿದ್ದರು. ಕೈ ನಿಲ್ಲಲಿಲ್ಲ. "ಗೊತ್ತೈತ್ರಿ," ಎಂದರು.

"ಹೆಂಗ್ರಿ?"

"ವಿಚಾರಣಿಗೆ ಕರದಾಗ ಫೈಲು ಮುಂದಿಟ್ರು. ಲಕೋಟಿ ಮ್ಯಾಲ ಅಣ್ಣಿಗೇರಿ ಟಪಾಲಿನ ಶಿಕ್ಕಾ, ಅದರಾಗ ಮುಟ್ಟಿದ ತಾರೀಖು ಇತ್ತು. ಅರ್ಜಿ ಕೆಳಗ ನಿಮ್ಮ ಸಹಿ, ಸಹಿ ಕೆಳಗ ತಾರೀಖು. ಮಾಸ್ತರಿಕಿ ಅಕ್ಷರ, ಅಗದಿ ಸ್ವಚ್ಛ." ಬಟ್ಟಲನ್ನು ನನ್ನ ಮುಂದೆ ಸರಿಸಿದರು.

"ಅಲ್ಲೇ ಹೇಳಬೇಕಿತ್ತಲ್ರಿ ಮತ್ತ? ನಿಮ್ಮ ನೌಕರಿ..."

"ಹೇಳಿ ಏನ ಮಾಡೂದ್ರಿ? ನಿಮ್ಮನ್ನ ಕರಸತಿದ್ರು. ನಿಮಗೂ ಎರಡು ಮಕ್ಕಳು." ತಮ್ಮ ಬಟ್ಟಲಿಗೂ ಚಹಾ ಸುರಿದುಕೊಂಡರು. "ಸಿಟ್ಟು ಇರಲಿಲ್ಲ ಅಂತ ಅಲ್ರಿ. ಎರಡು ವರ್ಷ ಇತ್ತು. ಆಮ್ಯಾಲ ಸಿಟ್ಟು ಹಿಡಕೊಂಡು ಕುಂದ್ರಾಕನೂ ತ್ರಾಣ ಬೇಕಲ್ರಿ, ಅದೂ ಉಳೀಲಿಲ್ಲ."

ಯಾಕೆ ಒಮಾನಿನಲ್ಲೇ ಉಳಿಯಬೇಕೆನಿಸಿತು ಎಂದು ಕೇಳಿದೆ. ಆ ಪ್ರಶ್ನೆಯನ್ನು ಅವರನ್ನು ಯಾರೂ ಕೇಳಿರಲಿಲ್ಲ ಎಂದು ತೋರುತ್ತದೆ. ಹೊರಗೆ ನೋಡುತ್ತ ನಿಧಾನವಾಗಿ ಹೇಳಿದರು.

"ನೀರಿನ ದಂಡಿಗೆ ಬಿಟ್ಟರ ಅವು ಹೊಳ್ಳಿ ನೋಡೂದಿಲ್ರಿ ಮಾಸ್ತರ್ರ. ಒಂದು ತೆರಿ ಬರತೈತಿ, ಹ್ವಾದ್ವು. ಅದರಾಗ ಭಾಳಷ್ಟು ಸಾಯತಾವಂತ, ಮೀನು ತಿಂತಾವು, ಹಕ್ಕಿ ತಿಂತಾವು. ಆದ್ರ ಯಾರೂ ಬಂದು ನಿನ್ನ ಕೈಯಾಗ ಸತ್ತಿತು ಅನ್ನೂದಿಲ್ಲ. ನಮ್ಮ ಕೆಲಸ ನೀರು ಮುಟ್ಟಸೂದು, ಅಷ್ಟ. ಇಪ್ಪತ್ತು ವರ್ಷ ಒಂದೊಂದು ಬಾಗಲದಾಗ ಜೀವಾ ಹಿಡಕೊಂಡು ನಿಂತವಳು ನಾ. ಅಲ್ಲಿ ನನಗ ನಿದ್ದಿ ಬರತಿತ್ರಿ. ಹಾಸಿಗಿಗೆ ತಲಿ ಹಚ್ಚಿದ್ರ ಸಾಕು, ನಿದ್ದಿ..."

ಆಮೇಲೆ ತಾವಾಗಿಯೇ ಆ ಕೂಸಿನ ಮಾತು ತೆಗೆದರು. "ನಾ ಇದ್ರ ಉಳೀತಿತ್ತೇನು ಅಂತ ದಿನಾ ಕೇಳಿಕೋತೇನ್ರಿ. ಕೊರಳಿಗೆ ಬಳ್ಳಿ ಸುತ್ತಿದ್ದನ್ನ ನಾಕೈದು ಸಲ ಬಿಡಿಸೇನಿ. ಎರಡು ಸಲ ಆಗಿಲ್ಲ. ಇದು ಯಾವುದಾಗತಿತ್ತೋ..."

ಚಹಾ ಆರಿಹೋಯಿತು. ಬಸ್ಸಿನ ತನಕ ಕಳಿಸಲು ಬಂದರು. ಹತ್ತುವಾಗ, "ಅದನ್ನ ಹೊತ್ತುಕೊಂಡು ತಿರಗಬ್ಯಾಡ್ರಿ ಮಾಸ್ತರ್ರ" ಎಂದರು. ವರ್ಷಕ್ಕೊಂದು ಪತ್ರ ಬರೆಯುತ್ತ ಬಂದೆ. ಅವರಿಂದ ಎರಡು ಸಾಲಿನ ಉತ್ತರ ಬರುತ್ತಿತ್ತು. ಮೂರನೆಯ ವರ್ಷ ನನ್ನ ಪತ್ರವೇ ತಿರುಗಿ ಬಂತು. ವಿಳಾಸದ ಮೇಲೆ ಪೋಸ್ಟಮನ್ ಕೆಂಪು ಶಾಯಿಯಲ್ಲಿ ಒಂದೇ ಶಬ್ದ ಬರೆದಿದ್ದ: ಮೃತ. ಏನಾಗಿತ್ತು, ಕೊನೆಗೆ ಬಾಜು ಯಾರಿದ್ದರು, ಒಂದೂ ತಿಳಿಯಲಿಲ್ಲ. ತಂಗಿಯ ವಿಳಾಸ ನನ್ನ ಹತ್ತಿರ ಇರಲಿಲ್ಲ.

ಅಳ್ನಾವರದಲ್ಲಿ ಅವತ್ತು ನಾನು ರೈಲು ಹತ್ತಲಿಲ್ಲ. ಈ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಹಂಚಿನ ಮನೆ ಇರಲಿಲ್ಲ. ಅದೇ ಜಾಗದಲ್ಲಿ ಹೊಸ ಆರೋಗ್ಯ ಕೇಂದ್ರದ ಕಟ್ಟಡ. ಒಳಗೆ ಮೂವತ್ತರ ಆಸುಪಾಸಿನ ನರ್ಸೊಬ್ಬಳು ಕುರ್ಚಿಯ ಕೆಳಗೆ ಚಪ್ಪಲಿ ಬಿಟ್ಟು, ಊದಿದ ಕಾಲನ್ನು ಇನ್ನೊಂದು ಕಾಲಿನಿಂದ ಒತ್ತಿಕೊಳ್ಳುತ್ತ ರಿಜಿಸ್ಟರು ತುಂಬುತ್ತಿದ್ದಳು. ಹಿಂದೆ ಇಲ್ಲಿದ್ದ ನರ್ಸಬಾಯಿಯ ಬಗ್ಗೆ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಕುಳಿತಿದ್ದ ಮುದುಕರನ್ನೂ ಕೇಳಿದಳು, ಅವರಿಗೂ ನೆನಪಿರಲಿಲ್ಲ. ಕುಡಿಯಲು ನೀರು ತಂದುಕೊಟ್ಟು, "ಅವರು ನಿಮಗೇನಾಗಬೇಕ್ರಿ, ಅಜ್ಜಾರ?" ಎಂದು ಕೇಳಿದಳು.

ನಾನು ನೀರು ಪೂರಾ ಕುಡಿದು ಲೋಟ ಕೆಳಗಿಟ್ಟೆ.

"ಬಾಜೂ ಮನಿಯವರಿದ್ರವಾ," ಎಂದೆ.